ಅವಳಿ ಶಬ್ದಗಳು

ಗದಗ ಮತ್ತು ಬೆಟಗೇರಿ ಅವಳಿ ಪಟ್ಟಣಗಳು. ಎರಡಕ್ಕೂ ಒಂದೇ ನಗರಾಡಳಿತ. ಒಂದರ ಮನೆಗಳ ಸಾಲು ಮುಗಿಯುವಲ್ಲಿ ಇನ್ನೊಂದರ ಸಾಲು ಮೊದಲಾಗುತ್ತದೆ. ಹೊಸದಾಗಿ ಬಂದವನಿಗೆ ನಡುವಿನ ಗಡಿ ಕಾಣದು. ಆದರೂ ಗದಗಿನವರು ಗದಗಿನವರೇ, ಬೆಟಗೇರಿಯವರು ಬೆಟಗೇರಿಯವರೇ. ಒಂದರ ವಿಳಾಸ ಹಿಡಿದು ಇನ್ನೊಂದರಲ್ಲಿ ಮನೆ ಹುಡುಕುವವನಿಗೆ ಅಲೆದಾಟ ತಪ್ಪದು.

ಇಂಗ್ಲಿಷ್ ಭಾಷೆಯಲ್ಲಿಯೂ ಇಂಥ ಅವಳಿಗಳು ಹೇರಳವಾಗಿವೆ. ನೋಡಿದರೆ ಒಂದೇ ಮುಖ, ಕೇಳಿದರೆ ಒಂದೇ ಧ್ವನಿ; ಅರ್ಥ ಮಾತ್ರ ಬೇರೆ ಬೇರೆ. ಕನ್ನಡ ಶಾಲೆಯಲ್ಲಿ ಚೆನ್ನಾಗಿ ಓದಿದ ಹುಡುಗರು ಕಾಲೇಜಿಗೆ ಕಾಲಿಟ್ಟೊಡನೆ ಎಡವುವುದು ಬಹುಮಟ್ಟಿಗೆ ಇಂಥ ಶಬ್ದಗಳಲ್ಲಿಯೇ. ಮನೆಯ ಹಿರಿಯರು ಅದನ್ನು ಹುಡುಗನ ದಡ್ಡತನವೆಂದು ಬಗೆಯುವುದುಂಟು. ಹುಡುಗನೂ ಹಾಗೆಯೇ ನಂಬಿ ಇಂಗ್ಲಿಷಿಗೆ ಹೆದರತೊಡಗುತ್ತಾನೆ. ಆ ಹೆದರಿಕೆಗೆ ಆಧಾರವಿಲ್ಲವೆಂಬುದು ಶಬ್ದಗಳ ಮೂಲವನ್ನು ಸ್ವಲ್ಪ ಕೆದಕಿದರೆ ತಿಳಿದೀತು.

ಒಂದಕ್ಷರದಿಂದ ಏನಾದೀತೆಂದು ಕೇಳುವವರಿಗೆ ಊರಿನ ಹೆಸರೇ ಉತ್ತರ. ಧಾರವಾಡ ತಾಲೂಕಿನಲ್ಲಿ ಗರಗ ಎಂಬ ಊರಿದೆ. ರಾಷ್ಟ್ರಧ್ವಜದ ಖಾದಿ ಬಟ್ಟೆಗೆ ಹೆಸರಾದದ್ದು. 1997ರಲ್ಲಿ ಗದಗ ಜಿಲ್ಲೆ ಬೇರೆಯಾಗುವವರೆಗೆ ಗದಗ, ಗರಗ ಎರಡೂ ಧಾರವಾಡ ಜಿಲ್ಲೆಯಲ್ಲಿಯೇ ಇದ್ದವು. ಇಂಗ್ಲಿಷಿನಲ್ಲಿ ಬರೆಯುವಾಗ ನಡುವಣ ‘ಡಿ’ ಇದ್ದಲ್ಲಿ ‘ಆರ್’ ಬಿದ್ದರೆ ಗದಗ ಗರಗವಾಗಿಬಿಡುತ್ತದೆ. 1972ರಲ್ಲಿ ಪಿನ್‌ಕೋಡ್ ಬಂದ ಮೇಲೆ ಅಂಚೆಯವರಿಗೆ ಅಂಕಿಗಳ ಆಸರೆ ದೊರೆಯಿತು. ಶಬ್ದಗಳಿಗೆ ಅಂಥ ಅಂಕಿಗಳಿಲ್ಲ; ಅಕ್ಷರಜೋಡಣೆಯೇ ಅವುಗಳ ವಿಳಾಸ.

ಕಿವಿಯ ಲಿಪಿ, ಕಣ್ಣಿನ ಲಿಪಿ

ಕನ್ನಡ ಬರಹ ಬಹುಮಟ್ಟಿಗೆ ಉಚ್ಚಾರವನ್ನು ಅನುಸರಿಸುತ್ತದೆ. ನುಡಿದಂತೆ ಬರೆಯುವುದು, ಬರೆದಂತೆ ಓದುವುದು ಇಲ್ಲಿಯ ಪದ್ಧತಿ. ಇಂಗ್ಲಿಷಿನ ರೀತಿ ಬೇರೆ. ವಿಲಿಯಂ ಕ್ಯಾಕ್ಸ್‌ಟನ್ನನು 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯ ಸ್ಥಾಪಿಸಿದ ಮೇಲೆ ಅಲ್ಲಿಯ ಅಕ್ಷರಜೋಡಣೆ ಮೆಲ್ಲಮೆಲ್ಲಗೆ ಸ್ಥಿರವಾಗುತ್ತ ಬಂದಿತು. ಅದೇ ಕಾಲದಲ್ಲಿ ಜನರ ಉಚ್ಚಾರ ಮಾತ್ರ ಬದಲಾಗುತ್ತಲೇ ನಡೆದಿತ್ತು. ನಾಲಗೆ ಮುಂದೆ ಹೋಯಿತು, ಅಚ್ಚಿನ ಮೊಳೆ ಹಿಂದೆಯೇ ನಿಂತಿತು. ‘ನೈಟ್’ ಎಂದರೆ ರಾತ್ರಿ. ‘ಕೆ’ ಅಕ್ಷರವನ್ನು ಮುಂದಿಟ್ಟುಕೊಂಡ ಇನ್ನೊಂದು ‘ನೈಟ್’ ಎಂದರೆ ಕುದುರೆಯೇರಿದ ವೀರ. ಒಂದು ಕಾಲಕ್ಕೆ ಆ ‘ಕೆ’ಯನ್ನು ಜನ ಉಚ್ಚರಿಸುತ್ತಿದ್ದರು. ಇಂದು ಅದು ಕಣ್ಣಿಗಷ್ಟೇ ಇದೆ.

ಇಂಥ ಶಬ್ದಗಳು ಕನ್ನಡ ಲಿಪಿಗೆ ಬಂದಾಗ ಇದ್ದ ಒಂದು ಗುರುತೂ ಅಳಿಸಿಹೋಗುತ್ತದೆ. ಕನ್ನಡದಲ್ಲಿ ಎರಡು ‘ನೈಟ್’ಗಳಿಗೂ ಒಂದೇ ಉಡುಪು. ಮೊದಲು ಕಿವಿಯಿಂದ, ಬಳಿಕ ಕನ್ನಡ ಬರಹದಿಂದ ಇಂಗ್ಲಿಷನ್ನು ಪರಿಚಯ ಮಾಡಿಕೊಂಡವರು ಅಕ್ಷರಜೋಡಣೆಯಲ್ಲಿ ತಪ್ಪುವುದು ಸಹಜವೇ ಆಗಿದೆ. ಇದಕ್ಕೆ ಮದ್ದು ಉರುಹೊಡೆಯುವುದಲ್ಲ. ಶಬ್ದದ ಮನೆತನ ಯಾವುದೆಂದು ವಿಚಾರಿಸಬೇಕು. ಬಳಿಕ ಒಂದು ಕನ್ನಡ ಗುರುತನ್ನು ಅದಕ್ಕೆ ಕಟ್ಟಬೇಕು.

ಇಲ್ಲಿ ವಾಚಕರು ಒಂದು ಮಾತನ್ನು ನೆನಪಿಡಬೇಕು. ಮುಂದೆ ‘ಎ’ ಎಂದಾಗ ಇಂಗ್ಲಿಷ್ ವರ್ಣಮಾಲೆಯ ಮೊದಲನೆಯ ಅಕ್ಷರವೆಂದೂ, ‘ಇ’ ಎಂದಾಗ ಐದನೆಯ ಅಕ್ಷರವೆಂದೂ ತಿಳಿಯಬೇಕು. ಮೊದಲನೆಯದಾದ ‘ಎ’ಗೆ ಕನ್ನಡದ ಮೊದಲಕ್ಷರವಾದ ಅಕಾರವನ್ನು ಜೊತೆಗೂಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆಯೇ.

ಗದಗ: ಅಂಗಡಿ ಮತ್ತು ಸಹಕಾರ

ಕರ್ನಾಟಕದ ಯಾವ ಪೇಟೆಯಲ್ಲಿ ನಡೆದರೂ ಪುಸ್ತಕದ ಅಂಗಡಿಯ ಫಲಕದ ಮೇಲೆ ‘ಸ್ಟೇಷನರಿ’ ಎಂಬ ಶಬ್ದ ಕಾಣುತ್ತದೆ. ಎಷ್ಟೋ ಕಡೆ ತಪ್ಪಾಗಿಯೇ ಕಾಣುತ್ತದೆ. ಕೊನೆಯಲ್ಲಿ ‘ಇ-ಆರ್-ವೈ’ ಬಂದರೆ ಕಾಗದ, ಲೇಖನಿ, ಲಕೋಟೆ ಮೊದಲಾದ ಬರಹದ ಸಾಮಗ್ರಿ. ‘ಎ-ಆರ್-ವೈ’ ಬಂದರೆ ನಿಂತಲ್ಲೇ ನಿಂತದ್ದು. ಗದಗ ಜಂಕ್ಷನ್ನಿನಲ್ಲಿ ಹುಬ್ಬಳ್ಳಿಯ ಕಡೆಗೆ ಹೊರಡುವ ಮೊದಲು ನಿಂತಿರುವ ಗಾಡಿ ಎರಡನೆಯ ಬಗೆಯದು. ಆ ಗಾಡಿಯಲ್ಲಿ ಕುಳಿತ ವಿದ್ಯಾರ್ಥಿಯ ಚೀಲದೊಳಗಿನ ನೋಟುಬುಕ್ಕು ಮೊದಲನೆಯ ಬಗೆಯದು. ಅಚಲವಾದದ್ದಕ್ಕೆ ಅಕಾರ, ಆದ್ದರಿಂದ ‘ಎ’. ಇಷ್ಟು ನೆನಪಿದ್ದರೆ ಸಾಕು.

ಸೋಜಿಗದ ಸಂಗತಿಯೆಂದರೆ ಈ ಎರಡು ಶಬ್ದಗಳು ಒಂದೇ ತಾಯಿಯ ಮಕ್ಕಳು. ನಡುಗಾಲದ ಯುರೋಪಿನಲ್ಲಿ ಊರೂರು ತಿರುಗಿ ಮಾರುವ ವ್ಯಾಪಾರಿಗಳೇ ಹೆಚ್ಚು. ವಿಶ್ವವಿದ್ಯಾಲಯಗಳ ಬಳಿ ಒಂದೆಡೆ ಅಂಗಡಿ ಹೂಡಿ ಪುಸ್ತಕ ಮಾರುವವನನ್ನು, ಅವನು ನಿಂತಲ್ಲಿ ನಿಂತವನಾದ್ದರಿಂದ, ‘ಸ್ಟೇಷನರ್’ ಎಂದು ಕರೆದರು. ಅವನು ಮಾರುವ ಸರಕು ‘ಸ್ಟೇಷನರಿ’ ಆಯಿತು. ಲಂಡನ್ನಿನಲ್ಲಿ ಅಂಥ ವರ್ತಕರ ಸಂಘಕ್ಕೆ 1557ರಲ್ಲಿ ರಾಜಸನ್ನದು ದೊರೆಯಿತು. ಅಂಗಡಿಯವನ ಹೆಸರಿನಲ್ಲಿರುವ ‘ಇ-ಆರ್’ ಎಂಬ ತುದಿಯೇ ಸರಕಿನ ಹೆಸರಿನಲ್ಲಿಯೂ ಉಳಿದಿದೆ.

ಗದಗ ತಾಲೂಕಿನ ಕಣಗಿನಹಾಳವು ಭಾರತದ ಸಹಕಾರ ಚಳವಳಿಯ ಇತಿಹಾಸದಲ್ಲಿ ಮೊದಲ ಪುಟದ ಊರು. 1904ರ ಸಹಕಾರಿ ಸಾಲ ಸಂಘಗಳ ಕಾಯಿದೆಯ ಮೇರೆಗೆ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಅಲ್ಲಿ ರೈತರ ಸಾಲ ಸಂಘ ಸ್ಥಾಪನೆಯಾಯಿತು. ‘ಕೋಆಪರೇಷನ್’ ಎಂಬ ಶಬ್ದದ ಜೊತೆಗೆ ‘ಕಾರ್ಪೊರೇಷನ್’ ಎಂಬುದನ್ನು ಬೆರೆಸುವವರಿಗೆ ಈ ಊರು ಒಳ್ಳೆಯ ಪಾಠ. ಮೊದಲನೆಯದು ‘ಕೂಡಿ’ ಮತ್ತು ‘ಕೆಲಸ’ ಎಂಬರ್ಥದ ಲ್ಯಾಟಿನ್ ಮಾತುಗಳಿಂದ ಬಂದದ್ದು. ಕನ್ನಡದ ‘ಸಹಕಾರ’ವೂ ಅಕ್ಷರಶಃ ಅದೇ. ಎರಡನೆಯದು ‘ದೇಹ’ ಎಂಬರ್ಥದ ‘ಕಾರ್ಪಸ್’ನಿಂದ ಹುಟ್ಟಿದ್ದು, ಅನೇಕರು ಸೇರಿ ಕಾನೂನಿನ ಕಣ್ಣಿಗೆ ಒಂದೇ ದೇಹವಾದಾಗ ಅದು ‘ಕಾರ್ಪೊರೇಷನ್’. ಹುಬ್ಬಳ್ಳಿ-ಧಾರವಾಡದ ಮಹಾನಗರಪಾಲಿಕೆಯಾಗಲಿ, ಸರಕಾರಿ ಬಸ್ಸು ನಡೆಸುವ ಸಂಸ್ಥೆಯಾಗಲಿ ಈ ಎರಡನೆಯ ಬಗೆಗೆ ಸೇರುತ್ತವೆ.

ಸಾಲದ ಮಾತು ಬಂದಲ್ಲಿ ‘ಪ್ರಿನ್ಸಿಪಲ್’ ಬಾರದೆ ಇರದು. ‘ಎ-ಎಲ್’ ಎಂದು ಮುಗಿದರೆ ಅಸಲು, ಇಲ್ಲವೆ ಅಗ್ರಸ್ಥಾನದಲ್ಲಿರುವವರು. ಕಾಲೇಜಿನ ಪ್ರಾಚಾರ್ಯರು ಪ್ರಿನ್ಸಿಪಲ್ಲರಾದದ್ದು ಹೀಗೆ. ‘ಎಲ್-ಇ’ ಎಂದು ಮುಗಿದರೆ ತತ್ವ. ಅಸಲು, ಅಗ್ರ ಎರಡಕ್ಕೂ ಅಕಾರ; ಅಲ್ಲಿ ‘ಎ’. ಸಾಲ ತೆಗೆದವನು ಬಡ್ಡಿಯೊಡನೆ ತೀರಿಸಬೇಕಾದದ್ದು ಮೊದಲನೆಯದನ್ನು. ಕಣಗಿನಹಾಳದ ರೈತರನ್ನು ಒಂದುಗೂಡಿಸಿದ್ದು ಎರಡನೆಯದು.

‘ಕೌನ್ಸಿಲ್’ ಮತ್ತು ‘ಕೌನ್ಸೆಲ್’ ಇನ್ನೊಂದು ಜೋಡಿ. ನಗರಸಭೆ ‘ಕೌನ್ಸಿಲ್’, ಅದರ ನಡುವೆ ‘ಸಿ’ ಇದೆ. ಸಲಹೆ ಮತ್ತು ಸಲಹೆ ಕೊಡುವ ನ್ಯಾಯವಾದಿ ‘ಕೌನ್ಸೆಲ್’. ಅದರ ನಡುವೆ ‘ಎಸ್’ ಇದೆ. ಸಲಹೆಗೆ ಸಕಾರ, ಆದ್ದರಿಂದ ‘ಎಸ್’. ಸಭೆಯೂ ಸಕಾರದ್ದಲ್ಲವೆ ಎಂದು ಗೊಂದಲಪಡುವವರು ಅದನ್ನು ‘ಕೂಟ’ವೆಂದು ನೆನೆಯಲಿ, ಕಕಾರಕ್ಕೆ ‘ಸಿ’ ತಾನಾಗಿ ಒದಗುತ್ತದೆ. ಬಹುಕಾಲ ಇಂಗ್ಲಿಷರೇ ಇವೆರಡನ್ನು ಬೆರೆಸಿ ಬರೆಯುತ್ತಿದ್ದರು. ಹದಿನಾರನೆಯ ಶತಮಾನದಿಂದೀಚೆಗೆ ಇವು ಬೇರೆ ಬೇರೆ ನೆಲೆಗೊಂಡವು. ಹೀಗಿರಲು ಇಲ್ಲಿಯ ಹುಡುಗನು ಒಮ್ಮೆ ತಪ್ಪಿದರೆ ಅದು ಮಹಾಪರಾಧವೇನೂ ಅಲ್ಲ.

ಬೆಟಗೇರಿ: ಮಗ್ಗದ ಮನೆ

ನೇಕಾರಿಕೆಗೆ ಹೆಸರಾದ ಬೆಟಗೇರಿಯಲ್ಲಿ ನೂಲಿಗೆ ಬಣ್ಣ ಕಟ್ಟುವ ಕೆಲಸ ಯಾರಿಗೆ ಗೊತ್ತಿಲ್ಲ? ಬಣ್ಣ ಕಟ್ಟುವುದಕ್ಕೆ ‘ಡೈ’ ಎನ್ನುತ್ತಾರೆ. ಅದರಲ್ಲಿ ‘ವೈ’ ಮೊದಲು, ‘ಇ’ ಆಮೇಲೆ. ಸಾಯುವುದಕ್ಕೂ ‘ಡೈ’ ಎಂದೇ ಹೆಸರು; ಅದರಲ್ಲಿ ‘ಐ’ ಮತ್ತು ‘ಇ’. ಇಷ್ಟಾದರೆ ಚಿಂತೆಯಿರಲಿಲ್ಲ. ‘ಡೈಯಿಂಗ್’ ಎಂದು ರೂಪ ಮಾಡುವಾಗ ಎರಡಕ್ಕೂ ‘ವೈ’ ಬರುತ್ತದೆ. ಬಣ್ಣದ ಕೆಲಸದಲ್ಲಿ ಮಾತ್ರ ‘ಇ’ ಉಳಿಯುತ್ತದೆ. ಬಣ್ಣದ ಕಾರಖಾನೆಯವನು ಫಲಕ ಬರೆಯಿಸುವಾಗ ಆ ಒಂದು ‘ಇ’ ಜಾರಿಬಿದ್ದರೆ ಅವನ ಉದ್ಯೋಗ ಸಾಯುತ್ತಿದೆಯೆಂದು ಅವನೇ ಸಾರಿದಂತಾಗುತ್ತದೆ!

ಹಾಸಿನ ಎಳೆ ಸಡಿಲಾದರೆ ‘ಲೂಸ್’. ಇದು ಈಗ ಮನೆಮನೆಯ ಕನ್ನಡ ಶಬ್ದವೇ ಆಗಿದೆ. ಇದರಲ್ಲಿ ‘ಓ’ ಎರಡು. ಕಳೆದುಕೊಳ್ಳುವುದು ‘ಲೂಜ್’, ಇದರಲ್ಲಿ ‘ಓ’ ಒಂದೇ. ಎರಡು ಎಳೆ ಅಕ್ಕಪಕ್ಕದಲ್ಲಿ ಜೋಲಾಡುತ್ತಿದ್ದರೆ ಸಡಿಲು. ಅವುಗಳಲ್ಲಿ ಒಂದು ಹರಿದುಹೋದರೆ ನಷ್ಟ. ನೇಕಾರರ ಮನೆಯ ಮಕ್ಕಳಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ.

ನೇಯ್ದು ಇಳಿಸಿದ ಬಟ್ಟೆ ‘ಕ್ಲಾತ್’. ಅದರ ಕೊನೆಗೆ ಒಂದು ‘ಇ’ ಸೇರಿದರೆ ‘ಕ್ಲೋದ್’, ಅಂದರೆ ಬಟ್ಟೆ ತೊಡಿಸು ಎಂಬ ಕ್ರಿಯೆ. ಉಸಿರು ‘ಬ್ರೆತ್’, ‘ಇ’ ಸೇರಿದರೆ ‘ಬ್ರೀದ್’, ಉಸಿರಾಡು. ವಸ್ತುವನ್ನು ಹೇಳುವ ಶಬ್ದಕ್ಕೆ ಬಾಲದಂತೆ ಬಂದ ಈ ‘ಇ’ ಅದನ್ನು ಕೆಲಸಕ್ಕೆ ಹಚ್ಚುತ್ತದೆ.

ಶಿರಹಟ್ಟಿ: ಕೊನೆಯ ಒಂದು ಅಕ್ಷರ

ಕೊನೆಯ ‘ಇ’ ಎಲ್ಲ ಕಡೆಯೂ ಕ್ರಿಯೆಯನ್ನೇ ಸೂಚಿಸುತ್ತದೆಂದು ಮಾತ್ರ ತಿಳಿಯಬಾರದು. ಕೆಲವೆಡೆ ಅದು ಗುಣವನ್ನು ಸೂಚಿಸುತ್ತದೆ. ‘ಹ್ಯೂಮನ್’ ಎಂದರೆ ಮನುಷ್ಯನಿಗೆ ಸಂಬಂಧಿಸಿದ್ದು; ‘ಇ’ ಸೇರಿದ ‘ಹ್ಯೂಮೇನ್’ ಎಂದರೆ ದಯೆಯುಳ್ಳ, ಮಾನವೀಯವಾದ ಎಂದು ಅರ್ಥ. ಹಿಂದೆ ಇವೆರಡೂ ಒಂದೇ ಶಬ್ದದ ಎರಡು ಬರಹಗಳಾಗಿದ್ದವು. ಹದಿನೆಂಟನೆಯ ಶತಮಾನದ ಹೊತ್ತಿಗೆ ಅರ್ಥಗಳು ಕವಲೊಡೆದವು.

ಈ ಭೇದಕ್ಕೆ ಉದಾಹರಣೆ ಬೇಕಾದರೆ ಶಿರಹಟ್ಟಿಯ ಫಕೀರೇಶ್ವರ ಮಠವನ್ನು ನೆನೆಯಬಹುದು. ಹಿಂದೂಗಳೂ ಮುಸಲ್ಮಾನರೂ ಒಟ್ಟಾಗಿ ನಡೆದುಕೊಳ್ಳುವ ಆ ಗದ್ದುಗೆಯ ಹೆಸರಿನಲ್ಲಿಯೇ ಫಕೀರನೂ ಈಶ್ವರನೂ ಕೂಡಿದ್ದಾರೆ. ಅಲ್ಲಿ ನೆರೆಯುವ ಜನಸಮೂಹ ‘ಹ್ಯೂಮನ್’; ಅವರನ್ನು ಒಂದೆಡೆ ತಂದ ಭಾವ ‘ಹ್ಯೂಮೇನ್’.

‘ಮಾರಲ್’ ಮತ್ತು ‘ಮೊರಾಲ್’ ಇದೇ ಜಾತಿಯವು. ‘ಇ’ ಇಲ್ಲದ್ದು ನೀತಿ. ‘ಇ’ ಇರುವುದು ಮನೋಧೈರ್ಯ. ಸೋತ ಆಟಗಾರರಿಗೆ ಕುಗ್ಗುವುದು ಎರಡನೆಯದು. ‘ಇ’ ಬಿಟ್ಟು ಬರೆದರೆ ಅವರ ನೀತಿಯೇ ಕೆಟ್ಟಿತೆಂಬ ಅಪವಾದ ಬಂದೀತು.

ಲಕ್ಷ್ಮೇಶ್ವರ: ತಿರುಳ್ಗನ್ನಡದ ನೆಲ

ಇಷ್ಟು ಓದಿದವರಿಗೆ, ನಮ್ಮ ಕನ್ನಡದಲ್ಲಿ ಇಂಥ ತೊಡಕಿಲ್ಲವಲ್ಲ ಎಂಬ ಹೆಮ್ಮೆ ಮೂಡಬಹುದು. ಆ ಹೆಮ್ಮೆಗೆ ಉತ್ತರ ಲಕ್ಷ್ಮೇಶ್ವರದ ನೆಲದಲ್ಲಿಯೇ ಇದೆ. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ಸೀಮೆಯನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಂಕುಂದಗಳೊಡನೆ ಪುಲಿಗೆರೆಯನ್ನೂ ಹೆಸರಿಸಿದೆ. ಆದಿಕವಿ ಪಂಪನೂ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡಿದ್ದಾನೆ.

ಆ ಕಾಲದ ಕನ್ನಡದಲ್ಲಿ ಇಂದು ಬಳಕೆಯಲ್ಲಿಲ್ಲದ ಎರಡು ಅಕ್ಷರಗಳಿದ್ದವು. ಒಂದು ಱ, ಇನ್ನೊಂದು ೞ. ಮಗನನ್ನು ಕೂಗುವುದು ‘ಕರೆ’. ಹಸುವಿನ ಹಾಲು ಹಿಂಡುವುದು ‘ಕಱೆ’. ಕತ್ತಿಗೆ ‘ಬಾಳ್’, ಜೀವಿಸುವುದಕ್ಕೆ ‘ಬಾೞ್’. ಕತ್ತರಿಸುವುದು ‘ಅರಿ’, ತಿಳಿಯುವುದು ‘ಅಱಿ’. ನಾಲಗೆ ಈ ಭೇದಗಳನ್ನು ಮರೆಯತೊಡಗಿದಾಗ ಬರೆಯುವವರಿಗೆ ಯಾವ ಶಬ್ದದಲ್ಲಿ ಯಾವ ಅಕ್ಷರವೆಂಬ ಸಂಶಯ ಹುಟ್ಟಿತು. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಳಕಾರದ ಬಗೆಗಳನ್ನು ರಳ, ಕುಳ, ಕ್ಷಳ ಎಂದು ವಿಂಗಡಿಸಿ ಶಬ್ದಗಳನ್ನು ಪಟ್ಟಿಮಾಡಿಕೊಟ್ಟನು. ಇಂದು ಇಂಗ್ಲಿಷ್ ಮಾಸ್ತರರು ಹಲಗೆಯ ಮೇಲೆ ಜೋಡಿ ಶಬ್ದಗಳನ್ನು ಬರೆಯುತ್ತಾರಲ್ಲ, ಅದು ಕನ್ನಡದ ವೈಯಾಕರಣನು ಏಳುನೂರು ವರ್ಷಗಳಿಗೂ ಹಿಂದೆ ಕೈಕೊಂಡ ಕೆಲಸವೇ.

ಕನ್ನಡ ಕೊನೆಗೆ ಆ ಅಕ್ಷರಗಳನ್ನು ಕೈಬಿಟ್ಟಿತು. ಈಗ ಹಾಲು ಕರೆಯುವುದೂ ಮಗನನ್ನು ಕರೆಯುವುದೂ ಬರಹದಲ್ಲಿ ಒಂದೇ. ಸಂದರ್ಭ ನೋಡಿ ಅರ್ಥ ತಿಳಿಯಬೇಕು. ಇಂಗ್ಲಿಷ್ ಅಕ್ಷರಗಳನ್ನು ಉಳಿಸಿಕೊಂಡು ಉಚ್ಚಾರವನ್ನು ಕೈಬಿಟ್ಟಿತು. ತೊಡಕು ಎರಡೂ ಭಾಷೆಗಳಿಗೆ ಬಂದದ್ದೇ. ಬಿಡಿಸಿಕೊಂಡ ರೀತಿ ಮಾತ್ರ ಬೇರೆ.

ಹಾಲಿನ ಮಾತು ಬಂದುದರಿಂದ ‘ಡೈರಿ’ಯ ಜೋಡಿಯನ್ನೂ ಇಲ್ಲಿಯೇ ನೋಡಬಹುದು. ಹಾಲನ್ನು ಡೈರಿಗೆ ಹಾಕುತ್ತಾರೆ, ಲೆಕ್ಕವನ್ನು ಡೈರಿಯಲ್ಲಿ ಬರೆಯುತ್ತಾರೆ. ಕನ್ನಡದ ಮಾತಿನಲ್ಲಿ ಎರಡೂ ಒಂದೇ. ಇಂಗ್ಲಿಷಿನಲ್ಲಿ ದಿನಚರಿಗೆ ‘ಐ’ ಮೊದಲು, ‘ಎ’ ಆಮೇಲೆ. ಅದು ದಿನವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದದ್ದು. ಹಾಲಿನ ಕೇಂದ್ರಕ್ಕೆ ‘ಎ’ ಮೊದಲು, ‘ಐ’ ಆಮೇಲೆ. ಅದರ ಮೂಲ ಹಿಟ್ಟು ನಾದುವ ಮನೆಗೆಲಸದವಳನ್ನು ಸೂಚಿಸುವ ಹಳೆಯ ಇಂಗ್ಲಿಷ್ ಮಾತು. ಆಕಳಿಗೆ ಆಕಾರವಿದೆ, ಆದ್ದರಿಂದ ಹಾಲಿನ ಡೈರಿಯಲ್ಲಿ ‘ಎ’ ಮುಂದೆ ಎಂದು ಗುರುತಿಟ್ಟುಕೊಳ್ಳಬಹುದು.

ಮುಂಡರಗಿ: ಬರ ಮತ್ತು ಎತ್ತು

ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಕಪ್ಪತಗುಡ್ಡ. ನಡುವೆ ಮಳೆಯ ದಾರಿ ನೋಡುವ ಎರೆಹೊಲಗಳು. ಮುಂಡರಗಿಯ ಸೀಮೆಗೆ ಬರಗಾಲ ಹೊಸದಲ್ಲ. ಬರಕ್ಕೆ ಇಂಗ್ಲಿಷಿನಲ್ಲಿ ‘ಡ್ರೌಟ್’. ಅದರ ‘ಓ’ ತೆಗೆದು ‘ಎ’ ಇಟ್ಟರೆ ಶಬ್ದದ ಧ್ವನಿಯೇ ಬದಲಾಗಿ ‘ಡ್ರಾಫ್ಟ್’ ಎಂದಾಗುತ್ತದೆ. ನಡುವಣ ‘ಜಿ-ಎಚ್’ ಮೊದಲನೆಯದರಲ್ಲಿ ಮೂಕ, ಎರಡನೆಯದರಲ್ಲಿ ಫಕಾರ! ಮೊದಲನೆಯದು ‘ಡ್ರೈ’ ಎಂಬ, ಒಣಗಿದ ಎಂಬರ್ಥದ ಶಬ್ದದ ಬಂಧು. ಎರಡನೆಯದು ‘ಡ್ರಾ’ ಎಂಬ, ಎಳೆ ಎಂಬರ್ಥದ ಶಬ್ದದ ಬಂಧು. ನೇಗಿಲು, ಬಂಡಿ ಎಳೆಯುವ ಎತ್ತು ಈ ಎರಡನೆಯ ಗುಂಪಿನ ಪಶು. ಬ್ಯಾಂಕಿನ ‘ಡ್ರಾಫ್ಟ್’ ಕೂಡ ಇದೇ ಶಬ್ದದ ಸರಳಗೊಂಡ ರೂಪ. ಅದು ಹಣವನ್ನು ಎಳೆದು ತರುತ್ತದೆ. ಅಕ್ಷರ ಅದಲುಬದಲಾದರೆ ಎಳೆಯುವ ಎತ್ತುಗಳ ವರದಿ ಬರಗಾಲದ ವರದಿಯಾಗುತ್ತದೆ.

ಬರ ಬೆಳೆಯ ಮೇಲೆ ಆಘಾತ ಮಾಡುವುದು ‘ಅಫೆಕ್ಟ್’. ಆಘಾತದ ‘ಆ’ ಇದ್ದಲ್ಲಿ ‘ಎ’. ಅದರಿಂದ ಕೊನೆಗೆ ಉಳಿದ ಪರಿಣಾಮ ‘ಎಫೆಕ್ಟ್’, ಅದಕ್ಕೆ ‘ಇ’. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ತಿರುಗಿಸುವ ಹವೆ ‘ವೆದರ್’. ಆಕಾಶದ ‘ಆ’ ಅದರ ನಡುವೆ ‘ಎ’ಯಾಗಿ ಕುಳಿತಿದೆ. ಮಳೆ ಬರುವುದೋ ಇಲ್ಲವೋ ಎಂಬ ಸಂಶಯದ ‘ವೆದರ್’ನಲ್ಲಿ ‘ಡಬ್ಲ್ಯು’ವಿನ ಬೆನ್ನಿಗೇ ‘ಎಚ್’ ಇದೆ. ‘ವಾಟ್’, ‘ವೆನ್’, ‘ವಿಚ್’ ಮೊದಲಾದ ಪ್ರಶ್ನೆಯ ಶಬ್ದಗಳಲ್ಲಿಯೂ ಇದೇ ಲಕ್ಷಣ. ಹಳೆಯ ಇಂಗ್ಲಿಷಿನಲ್ಲಿ ಈ ಶಬ್ದದ ಅರ್ಥವೇ ‘ಎರಡರಲ್ಲಿ ಯಾವುದು’ ಎಂದು.

ಅರ್ಜಿ ಬರೆಯುವ ಹೊತ್ತು

ಫಲಕದ ತಪ್ಪಿಗೆ ಜನ ನಕ್ಕು ಮುಂದೆ ಸಾಗುತ್ತಾರೆ. ಅರ್ಜಿಯ ತಪ್ಪು ಹಾಗಲ್ಲ. ನೌಕರಿಯ ಆದೇಶ ಕೈಗೆ ಬಂದ ತರುಣನು, ತಮ್ಮ ಷರತ್ತುಗಳನ್ನು ಒಪ್ಪಿದ್ದೇನೆ ಎಂದು ಇಂಗ್ಲಿಷಿನಲ್ಲಿ ಉತ್ತರ ಬರೆಯುತ್ತಾನೆ. ಒಪ್ಪುವುದು ‘ಅಕ್ಸೆಪ್ಟ್’. ಅವಸರದಲ್ಲಿ ‘ಎಕ್ಸೆಪ್ಟ್’ ಎಂದು ಬರೆದರೆ ಷರತ್ತುಗಳನ್ನು ಹೊರತುಪಡಿಸಿದ್ದೇನೆ ಎಂದಾಗುತ್ತದೆ. ಒಂದು ಮಾತು ಬಾಗಿಲು ತೆರೆಯುತ್ತದೆ, ಇನ್ನೊಂದು ಮುಚ್ಚುತ್ತದೆ. ಅಂಗೀಕಾರಕ್ಕೆ ಅಕಾರ, ಆದ್ದರಿಂದ ‘ಎ’. ‘ಎಕ್ಸ್’ ಎಂಬುದು ಹೊರಗೆ ಎಂಬರ್ಥದ ಲ್ಯಾಟಿನ್ ಉಪಸರ್ಗ. ‘ಎಕ್ಸ್‌ಪೋರ್ಟ್’, ‘ಎಕ್ಸಿಟ್’ ಮೊದಲಾದ ಪರಿಚಿತ ಶಬ್ದಗಳೇ ಇದಕ್ಕೆ ಸಾಕ್ಷಿ.

ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ಎಲಿಜಿಬಲ್’ ಎಂದರೆ ಅರ್ಹ. ‘ಇಲ್ಲೆಜಿಬಲ್’ ಎಂದರೆ ಓದಲು ಬಾರದ್ದು. ಎರಡನೆಯದು ‘ಲೆಜಿಬಲ್’, ಅಂದರೆ ಓದಬಲ್ಲ ಎಂಬ ಶಬ್ದಕ್ಕೆ ನಿಷೇಧದ ಉಪಸರ್ಗ ಹತ್ತಿ ಆದದ್ದು. ಆದ್ದರಿಂದಲೇ ಅದರಲ್ಲಿ ‘ಎಲ್’ ಎರಡು. ತಾನು ಅರ್ಹಳೆಂದು ಹೇಳಹೊರಟ ಹುಡುಗಿ ತನ್ನನ್ನೇ ಓದಲು ಬಾರದವಳೆಂದು ಬರೆದುಕೊಂಡರೆ, ಅರ್ಜಿ ನೋಡುವವರು ಅವಳ ಜಾಣ್ಮೆಯನ್ನು ಅಳೆಯುವುದು ಆ ಒಂದು ಸಾಲಿನಿಂದಲೇ. ಅವಳ ಗಣಿತ, ವಿಜ್ಞಾನ, ಕನ್ನಡದ ಪಾಂಡಿತ್ಯ ಅವರ ಕಣ್ಣಿಗೆ ಬೀಳುವ ಮೊದಲೇ ಕಾಗದ ಬದಿಗೆ ಸರಿದೀತು. ಇದು ನ್ಯಾಯವಲ್ಲ, ಆದರೆ ನಡೆಯುವುದುಂಟು. ಅದಕ್ಕಾಗಿಯೇ ಈ ಚಿಕ್ಕ ಭೇದಗಳಿಗೆ ಇಷ್ಟು ಬೆಲೆ.

ಮನೆಯಲ್ಲಿ ಮಾಡಬೇಕಾದದ್ದು

ಇದಕ್ಕೆ ದೊಡ್ಡ ಸಾಧನೆ ಬೇಕಾಗಿಲ್ಲ. ನೂರು ಪುಟದ ಒಂದು ನೋಟುಬುಕ್ಕು ಸಾಕು. ವಾರಕ್ಕೆ ಎರಡು ಜೋಡಿ ಶಬ್ದಗಳು; ಹೆಚ್ಚು ಬೇಡ. ಎಡಪುಟದಲ್ಲಿ ಒಂದು ಶಬ್ದ, ಬಲಪುಟದಲ್ಲಿ ಅದರ ಅವಳಿ. ಪ್ರತಿಯೊಂದರ ಕೆಳಗೆ ಕನ್ನಡ ಅರ್ಥ, ನೆನಪಿಗೆ ಒಂದು ಕನ್ನಡ ಗುರುತು, ಬಳಿಕ ಮನೆಯದೋ ಊರಿನದೋ ಒಂದು ಸಂಗತಿಯನ್ನು ಹೇಳುವ ಒಂದು ಇಂಗ್ಲಿಷ್ ವಾಕ್ಯ. ಗೈಡಿನಿಂದ ಎತ್ತಿಕೊಂಡ ವಾಕ್ಯ ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ. ಅಜ್ಜನ ಸಾಲದ ಅಸಲು, ಅವ್ವನ ಹಾಲಿನ ಲೆಕ್ಕ, ಕಾಕಾನ ಮಗ್ಗದ ಸಡಿಲಾದ ಎಳೆ ಮರೆಯುವಂಥವಲ್ಲ.

ಎರಡನೆಯ ಮಾತು ಹಿರಿಯರಿಗೆ. ಹುಡುಗ ತಪ್ಪು ಬರೆದಾಗ ‘ಇಷ್ಟೂ ತಿಳಿಯದೆ’ ಎಂದು ಗದರುವ ಬದಲು, ‘ಇವೆರಡರಲ್ಲಿ ನೀನು ಹೇಳಬೇಕೆಂದದ್ದು ಯಾವುದು’ ಎಂದು ಕೇಳಿದರೆ ಸಾಕು. ಎರಡು ಅರ್ಥಗಳು ಎದುರಿಗೆ ನಿಂತಾಗ ಬಹಳ ಸಲ ಅವನೇ ತನ್ನ ತಪ್ಪನ್ನು ತಿದ್ದಿಕೊಳ್ಳುತ್ತಾನೆ. ಮನೆಯಲ್ಲಿ ಇಂಗ್ಲಿಷ್ ಬಲ್ಲವರಿಲ್ಲದಿದ್ದರೂ ಈ ಪ್ರಶ್ನೆಯನ್ನು ಕೇಳಲು ಅಡ್ಡಿಯಿಲ್ಲ. ಉತ್ತರವನ್ನು ನಿಘಂಟು ಹೇಳುತ್ತದೆ.

ಈ ವಾರಕ್ಕೆ ವಾಚಕರ ಮನ‍ೆಯ ಮಕ್ಕಳು ಎರಡು ಜೋಡಿಗಳನ್ನು ತಾವೇ ಬಿಡಿಸಲಿ. ‘ಕ್ಯಾನ್ವಾಸ್’ ಎಂಬ ಶಬ್ದದ ಕೊನೆಗೆ ‘ಎಸ್’ ಒಂದಾದರೆ ಏನು, ಎರಡಾದರೆ ಏನು? ‘ಪರ್ಸನಲ್’ ಎಂಬುದರಲ್ಲಿ ‘ಎನ್’ ಒಂದಾದರೆ ಏನು, ಎರಡಾದರೆ ಏನು? ಒಂದು ಸುಳಿವು: ಮೊದಲನೆಯ ಜೋಡಿ ಚಿತ್ರ ಬರೆಯುವವನಿಗೂ ಮತ ಕೇಳುವವನಿಗೂ ಸಂಬಂಧಿಸಿದ್ದು, ಎರಡನೆಯದು ಒಬ್ಬನ ಖಾಸಗಿ ವಿಷಯಕ್ಕೂ ಒಂದು ಕಚೇರಿಯ ಸಿಬ್ಬಂದಿಗೂ ಸಂಬಂಧಿಸಿದ್ದು. ಯಾವುದು ಯಾವ ಕಡೆಗೆಂಬುದನ್ನು ನಿಘಂಟು ತೆರೆದು ನೋಡಿ, ನೋಟುಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಲಿ.